ಮೊದಲ ಕಾವಲಿಯ ದೋಸೆ

ಮುಳಬಾಗಿಲು
ಶುಕ್ರವಾರ, 12-9-2008

ಪ್ರೀತಿಯ ಶ್ರೀಕೃಷ್ಣ,

ಅಕ್ಕನ ಆಶೀರ್ವಾದ. ನಿನ್ನ ಮಂಡಿನೋವು ಹೇಗಿದೆ? ಮುಂಬಯಿಯ ಮಳೆಗೆ ಹೆಚ್ಚಾಗಿದೆ ಎಂದು ಸೌಪರ್ಣಿಕಾ ಹೇಳಿದಳು. ನಿನ್ನ ಸುದ್ದಿ ನನಗೆ ಸಿಗುವುದು ನಿನ್ನ ಮಗಳಿಂದಲೇ. ರಾತ್ರಿ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ, ಅಪ್ಪನಿಗೂ ಅದರಿಂದಲೇ ನೋವು ಹಿಡಿತಕ್ಕೆ ಬರುತ್ತಿತ್ತು. ನಾನು ಚೆನ್ನಾಗಿದ್ದೇನೆ. ಹೊಸ ಕನ್ನಡಕ ಬಂದಿದೆ. ತೋಳು ಚಾಚಿ ಹಿಡಿಯುತ್ತಿದ್ದ ಕವಿತೆ ಪುಸ್ತಕ ಮತ್ತೆ ಹತ್ತಿರ ಬಂದಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ. ಆದ್ದರಿಂದ ಕಾಗದ.

ದೊಡ್ಡವೆಂಕಟಪ್ಪನನ್ನು ಕೆಲಸದಿಂದ ತೆಗೆದರು. ಇಪ್ಪತ್ತೇಳು ವರ್ಷ ನಮ್ಮ ಅಂಬಾ ಭವನದ ಕಾವಲಿಯ ಮುಂದೆ ನಿಂತವನು. ಕಾರಣ ಕಳ್ಳತನ ಎಂದು ಬರೆದಿದ್ದಾರೆ. ಕದ್ದದ್ದು ಏನು ಎಂದು ನೀನು ಊಹಿಸಲಾರೆ, ಅಥವಾ ನೀನೊಬ್ಬನೇ ಊಹಿಸಬಲ್ಲೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಕಾವಲಿಯಿಂದ ಏಳುವ ಮೊದಲ ದೋಸೆಗಳು ಕೆಲಸದವರಿಗೆ ಅಲ್ಲವೇ? ಎಲ್ಲರೂ ಆ ಉದ್ದನೆಯ ಬೆಂಚಿನ ಮೇಲೆ ಕೂತು ತಿಂದಾದ ಮೇಲೆಯೇ ಅಪ್ಪ ಷಟರ್ ಎತ್ತಿಸುತ್ತಿದ್ದದ್ದು. ಬೆಂಚಿನ ತುದಿಯಲ್ಲಿ ಅಪ್ಪ, ಅವರ ಪಕ್ಕದಲ್ಲಿ ಕಾಲು ಆಡಿಸುತ್ತಾ ನೀನು. ಯಾರಾದರೂ ಗಿರಾಕಿ ಹೊರಗಿನಿಂದ ಷಟರ್ ಬಡಿದರೆ ಅಪ್ಪ ಒಳಗಿನಿಂದಲೇ, ‘ತಡ್ಕೊಳ್ಳಿ ಸ್ವಾಮಿ, ನಮ್ಮೋರು ತಿಂತಾವ್ರೆ’ ಅನ್ನುತ್ತಿದ್ದರು. ಬೆಂಗಳೂರಿನಲ್ಲಿ ಸಪ್ಲೈಯರ್ ಆಗಿದ್ದ ಕಾಲದಲ್ಲಿ ಖಾಲಿ ಹೊಟ್ಟೆಯಲ್ಲಿ ಬೇರೆಯವರಿಗೆ ಬಡಿಸಿದ್ದನ್ನು ಅವರು ಕಡೆಯವರೆಗೂ ಮರೆಯಲಿಲ್ಲ.

ಹೋಟೆಲು ಕೊಂಡ ಹೊಸ ಕಂಪನಿ ಜೂನ್‌ನಲ್ಲಿ ಈ ಮೊದಲ ದೋಸೆಯನ್ನು ನಿಲ್ಲಿಸಿತು. ಹಿಟ್ಟು ಈಗ ನರಸಾಪುರದ ಹತ್ತಿರದ ಒಂದು ಶೆಡ್ಡಿನಿಂದ ನೀಲಿ ಡ್ರಮ್ಮುಗಳಲ್ಲಿ ವ್ಯಾನಿನಲ್ಲಿ ಬರುತ್ತದೆ. ಇಷ್ಟು ಡ್ರಮ್ಮಿಗೆ ಇಷ್ಟು ದೋಸೆ ಎಂದು ಲೆಕ್ಕ. ರುಬ್ಬುವ ಮುತ್ಯಾಲಮ್ಮನನ್ನು ಅದೇ ವಾರ ಮನೆಗೆ ಕಳಿಸಿದರು. ಅವಳು ನಮ್ಮ ಜಗಲಿಯಲ್ಲಿ ಕೂತು, ‘ನಿಮ್ಮ ತಮ್ಮ ಬಾಂಬೇಲಿ ಕೂತು ರುಬ್ಬಿ ಕಳಿಸ್ತಾನೇನಮ್ಮಣ್ಣಿ? ಉಪ್ಪು ಕಮ್ಮಿ ಆಗೈತೆ ಅಂತ ಹೇಳಿ’ ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಕಣ್ಣು ಒರೆಸಿಕೊಂಡಳು. ನನಗೆ ಅದೂ ಆಗಲಿಲ್ಲ.

ದೊಡ್ಡವೆಂಕಟಪ್ಪ ಮಾತ್ರ ಎರಡು ತಿಂಗಳು ನೋಡಿ, ಆಗಸ್ಟಿನ ಒಂದು ಬೆಳಿಗ್ಗೆ ಪಾತ್ರೆ ತೊಳೆಯುವ ಹೆಂಗಸರಿಗೆ ಮೊದಲ ಕಾವಲಿಯ ಆರು ದೋಸೆ ಹಾಕಿಕೊಟ್ಟ. ಕಂಪನಿ ಹಾಕಿಸಿದ ಕ್ಯಾಮೆರಾದಲ್ಲಿ ಬಂತು. ಸಂಜೆಯೊಳಗೆ ಕೆಲಸದಿಂದ ತೆಗೆದ ಕಾಗದ ಕೈಗೆ. ಮಾರನೆಯ ದಿನ ನಮ್ಮ ಮನೆಗೆ ಬಂದವನು, ಎಷ್ಟು ಕರೆದರೂ ಒಳಗೆ ಬರದೆ ಮೆಟ್ಟಿಲ ಮೇಲೇ ಕೂತ. ‘ಕಳ್ಳ ಅಂದ್ರೂ ತಡ್ಕೊಂತೀನಮ್ಮಣ್ಣಿ, ದೇವರಿಗೆ ಗೊತ್ತು. ಆದ್ರೆ ಕಾಗದದಾಗೆ ನಾನು ಐದು ತಿಂಗಳ ಮನುಷ್ಯನಂತೆ. ಮಿಕ್ಕಿದ್ದೆಲ್ಲ ಎಲ್ಲಿಗೋಯ್ತು?’ ಎಂದು ಕೇಳಿದ. ಆ ಪ್ರಶ್ನೆಯನ್ನು ಅವನು ಕೇಳಬೇಕಾದದ್ದು ನನ್ನನ್ನೇ, ಶ್ರೀಕೃಷ್ಣ.

ಅಪ್ಪನ ನಾಲ್ಕೂ ಹೋಟೆಲುಗಳನ್ನು ಮುಂಬಯಿಯ ಆ ಹೂಡಿಕೆ ಕಂಪನಿಗೆ ಮಾರುವಾಗ ನನ್ನ ಪಾಲಿಗೆ ನಾನೂ ರುಜು ಹಾಕಿದೆ. ಅವರಿಗೆ ಹೋಟೆಲು ನಡೆಸುವುದು ಬೇಕಿಲ್ಲ, ಲಾಭ ಹೆಚ್ಚಿಸಿ ದುಂಡಗೆ ಮಾಡಿ ಐದು ವರ್ಷಕ್ಕೆ ಇನ್ನೊಬ್ಬರಿಗೆ ಮಾರುವುದು ಬೇಕು ಎಂದು ನೀನೇ ವಿವರಿಸಿದ್ದೆ. ನಾನು ಕೇಳಿದ್ದು ಒಂದೇ, ನಮ್ಮವರ ಗತಿ ಏನು ಎಂದು. ಅದಕ್ಕೆ ನೀನು ಮಾರ್ಚಿನಲ್ಲಿ ಕಾಗದ ಬರೆದೆ. ‘ಅಕ್ಕಾ, ಎಲ್ಲರಿಗೂ ಓದಿ ಹೇಳು. ಯಾರ ಕೆಲಸವೂ ಹೋಗುವುದಿಲ್ಲ, ಯಾರ ಸರ್ವೀಸೂ ಮುರಿಯುವುದಿಲ್ಲ. ರಾಜೀನಾಮೆ ಫಾರಂ ಬರೀ ಹೆಸರಿಗೆ.’ ನಾನು ಅದೇ ಬೆಂಚಿನ ಮುಂದೆ ನಿಂತು ಓದಿದೆ. ಕವಿತೆ ಓದುವ ದನಿಯಲ್ಲೇ ಓದಿದೆ ಎಂದು ಈಗ ನೆನಪಾಗಿ ನಾಚಿಕೆಯಾಗುತ್ತದೆ. ಎಲ್ಲರೂ ಕೇಳುತ್ತಾ ಕೂತಿದ್ದರು, ನನಗೆ ಅದು ಹಿತವಾಗಿತ್ತು. ಇಂಗ್ಲಿಷಿನ ಫಾರಂ ನನ್ನ ಕೈಯಲ್ಲೇ ಇತ್ತು. ‘ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ’ ಎಂಬ ಸಾಲನ್ನು ನಾನು ಓದಿದ್ದೆ, ಅಲ್ಲಿ ಒಂದು ಕ್ಷಣ ತಡೆದೂ ಇದ್ದೆ. ಆದರೆ ನಿನ್ನ ಕಾಗದ ಅದರ ಮೇಲಿತ್ತು. ಮನಸ್ಸು ತುಂಬಿದಾಗ ದೊಡ್ಡವೆಂಕಟಪ್ಪನ ಬಾಯಿಗೆ ತೆಲುಗು ಬರುತ್ತದೆ ನೋಡು, ‘ಮೀರು ಚೆಪ್ಪಿನಾರು ಕದಮ್ಮಾ, ಚಾಲು’ ಅಂದ. ನೀವು ಹೇಳಿದಿರಲ್ಲ, ಸಾಕು. ಮೊದಲ ಹೆಬ್ಬೆಟ್ಟು ಅವನದೇ. ಅದನ್ನು ನೋಡಿ ಮಿಕ್ಕವರೂ ಒತ್ತಿದರು. ಕಾಗದದ ಮೇಲೆ ಅವತ್ತಿಗೆ ಅವರೆಲ್ಲ ನಮ್ಮ ಹೋಟೆಲು ಬಿಟ್ಟರು, ಮಾರನೆಯ ದಿನ ಯಾವನೋ ಕಂಟ್ರಾಕ್ಟರನ ಬಳಿ ಹೊಸದಾಗಿ ಸೇರಿದರು.

ಇಷ್ಟಾದರೂ ನೀನು ಮೋಸಹೋಗಿದ್ದೀಯ ಎಂದೇ ನಂಬಿದ್ದೆ. ಮುಂಬಯಿಯವರು ನನ್ನ ತಮ್ಮನ ಕಣ್ಣು ಕಟ್ಟಿದರು ಎಂದು ದೊಡ್ಡವೆಂಕಟಪ್ಪನಿಗೂ ಹೇಳಿದೆ. ಹೋದ ವಾರ ಲೆಕ್ಕ ಬರೆಯುತ್ತಿದ್ದ ನಮ್ಮ ಹಳೆಯ ರೈಟರ್ ಚನ್ನರಾಯಪ್ಪ ಬಂದು ಕಂಟ್ರಾಕ್ಟರನ ಜೊತೆಗಿನ ಕರಾರಿನ ಒಂದು ಪ್ರತಿ ಮೇಜಿನ ಮೇಲಿಟ್ಟು, ಕಾಫಿಯನ್ನೂ ಕುಡಿಯದೆ ಹೋದ. ಕೆಲಸದವರ ಹಳೆಯ ಸರ್ವೀಸು ಲೆಕ್ಕಕ್ಕಿಲ್ಲ ಎಂದು ಅದರಲ್ಲಿದೆ. ಕೆಳಗೆ ನಿನ್ನ ರುಜು, ತಾರೀಖು ಜನವರಿ ಒಂಬತ್ತು. ನನಗೆ ಕಾಗದ ಬರೆದದ್ದು ಮಾರ್ಚಿನಲ್ಲಿ. ಎರಡು ತಿಂಗಳು ನಿನಗೆ ಗೊತ್ತಿತ್ತು. ಅವರು ನಿನ್ನ ಮಾತು ನಂಬಲಾರರು, ನನ್ನದನ್ನು ನಂಬುತ್ತಾರೆ ಎಂದೂ ಗೊತ್ತಿತ್ತು. ಹೋಟೆಲು ಮಾರಿದ್ದಕ್ಕೆ ನನಗೆ ಕೋಪವಿಲ್ಲ ಕಣೋ. ಅದರ ಜೊತೆಗೆ ನನ್ನ ಮಾತನ್ನೂ ಮಾರಿದೆಯಲ್ಲ, ಅದನ್ನು ಹೊತ್ತು ಈ ಊರಿನ ಬೀದಿಯಲ್ಲಿ ನಡೆಯಬೇಕಾದವಳು ನಾನು.

ನೀನು ಆರೋಗ್ಯವಾಗಿರು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ. ಸೌಪರ್ಣಿಕಾಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ,
ಚಿತ್ರಾ

ಅಂಟಿಸುವ ಮುಂಚೆ ಇನ್ನೊಂದು: ಸೋಮವಾರ ಇಪ್ಪತ್ತೆರಡಕ್ಕೆ ಕೋಲಾರದ ಲೇಬರ್ ಆಫೀಸಿನಲ್ಲಿ ದೊಡ್ಡವೆಂಕಟಪ್ಪನ ಅರ್ಜಿಯ ವಿಚಾರಣೆ. ಅವನ ಕಡೆಯ ಸಾಕ್ಷಿ ನಾನು. ಏನು ಓದಿದೆ, ಯಾರು ಓದಿಸಿದರು, ಎರಡನ್ನೂ ಹೇಳುತ್ತೇನೆ. ನಿನ್ನ ಮಾರ್ಚಿನ ಕಾಗದವನ್ನು ಅಲ್ಲಿ ಕೊಡುತ್ತೇನೆ, ಜೆರಾಕ್ಸ್ ಇದರೊಳಗಿದೆ. ಇದು ನಿಮ್ಮ ತಮ್ಮನದೇ ಅಕ್ಷರ ಎಂದು ಹೇಗೆ ಹೇಳುತ್ತೀರಿ ಎಂದು ಕೇಳುತ್ತಾರಂತೆ. ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ನಾನೇ ಎನ್ನುತ್ತೇನೆ.