ಸುರಂಗದ ಬಾಯಲ್ಲಿ ನಿಂತ ಹಸಿರು ಚುಕ್ಕೆ

ಇಸವಿ ೨೨೩೧, ವಾರದ ಎಂಟನೆಯ ದಿನ
ಕೆಂಗುಡ್ಡ ನಿಗಾಶಾಲೆ, ಹುಡುಗಿಯರ ಹಾಸ್ಟೆಲ್

ದೂರದ ಕಾರ್ಖಾನೆಗಳಿಗೆ ರೇಡಿಯೋ ಜಾಲ ಹೆಣೆಯುತ್ತಿರುವ ಮಾನ್ಯರೇ,

ಮೊದಲಿಗೆ ಸಾರಿ. ನಿಮ್ಮ ವಾರಕ್ಕೆ ಎಂಟನೆಯ ದಿನ ಇರಲಿಲ್ಲವೆಂದು ಓದಿದ್ದೇನೆ. ನಾವು ಅದನ್ನು ಬಿಡುವಾರ ಎನ್ನುತ್ತೇವೆ. ಯಂತ್ರಗಳು ಮಾತ್ರ ದುಡಿಯುವ ದಿನ. ನನ್ನದು ಹಾಸ್ಟೆಲಿನ ಕನ್ನಡ, ಅರ್ಧ ಇಂಗ್ಲಿಷು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೆಸರು ನೀಲಾಂಬಿಕೆ, ಫಸ್ಟ್ ಇಯರ್. ಕಾಲದಲ್ಲಿ ಹಿಂದಕ್ಕೆ ಹರಿಯುವ ಅಲೆಯಲ್ಲಿ ಒಂದೇ ಒಂದು ಪತ್ರ ಕಳಿಸಲು ನಮಗೆಲ್ಲ ಅನುಮತಿಯಿದೆ. ಹೆಚ್ಚಿನವರು ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ನನ್ನ ರೂಮ್‌ಮೇಟ್ ತಾಯವ್ವ ಮತ್ತೆ ಸುರಂಗಕ್ಕೆ ಇಳಿಯುತ್ತಾಳೆ.

ನಿಮ್ಮ ಜಾಲಕ್ಕೆ ನಾವು ದೂರಗೈ ಎನ್ನುತ್ತೇವೆ. ಬೆಳಿಗ್ಗೆ ಮೆಸ್ಸಿನಲ್ಲಿ ಪಾಚಿಯ ಉಪ್ಪಿಟ್ಟು ತಿಂದು, ಕೈ ಒರೆಸಿಕೊಂಡು ಪರದೆಯ ಮುಂದೆ ಕೂತರೆ, ಎರಡು ಜಿಲ್ಲೆ ಆಚೆಯ ಪಂಪು ನಮ್ಮ ಬೆರಳಿಗೆ ಓಡುತ್ತದೆ. ಅಲ್ಲಿ ಯಾರೂ ವಾಸವಿಲ್ಲ. ಒಂದು ಕಂಬ, ಅದರ ಮೇಲೆ ರೇಡಿಯೋ ಪೆಟ್ಟಿಗೆ, ಅಷ್ಟೆ. ನನ್ನ ಪಾಲಿಗೆ ಬಂದದ್ದು ಹಳೆಯ ತಾಮ್ರದ ಗಣಿಯ, ಬೆಳೆ ಸುಡುವ ಹುಳಿನೀರಿನ ಕೆರೆ. ಅದು ತುಂಬುತ್ತಾ ಬಂದಾಗ ನಾವು ಇಲ್ಲಿಂದ ಕೀಲಿ ತಿರುಗಿಸಬೇಕು. ಅಲ್ಲಿ ಬಾಗಿಲು ತೆರೆದು ನೀರು ಸುರಂಗದ ಮೂಲಕ ಶುದ್ಧಿ ತೊಟ್ಟಿಗೆ ಹೋಗುತ್ತದೆ. ಸುರಂಗದ ಜಾಳಿಗೆಗೆ ಕಸ ಕಟ್ಟಿಕೊಂಡರೆ ಮಾತ್ರ ಯಾರಾದರೂ ಇಳಿದು ತೆಗೆಯಬೇಕು. ಇಳಿದವರ ಎದೆಯ ಮೇಲೊಂದು ಕರೆಬಿಲ್ಲೆ ಇರುತ್ತದೆ. ಅದು ತಾನಿರುವ ಜಾಗವನ್ನು ರೇಡಿಯೋದಲ್ಲಿ ಹೇಳುತ್ತಿರುತ್ತದೆ. ನಮಗೆ ಪರದೆಯಲ್ಲಿ ಹಸಿರು ಚುಕ್ಕೆಯಾಗಿ ಕಾಣುತ್ತದೆ. ಚುಕ್ಕೆ ಸುರಂಗದೊಳಗಿದ್ದರೆ ಕೀಲಿ ಮುಟ್ಟುವಂತಿಲ್ಲ, ಆ ನೀರಿಗೆ ಸಿಕ್ಕವರು ಉಳಿಯುವುದಿಲ್ಲ.

ಹೋದ ವಾರ ಇಳಿದವಳು ತಾಯವ್ವ. ಕೆರೆ ಏರುತ್ತಿತ್ತು. ಅವಳ ಚುಕ್ಕೆ ಸುರಂಗದ ಬಾಯಲ್ಲಿ, ಹೊರಗೆ, ಕ್ಷೇಮವಾಗಿ ನಿಂತಿತ್ತು. ನಿಂತೇ ಇತ್ತು. ನನಗೆ ಟೆನ್ಷನ್ ಶುರುವಾದದ್ದು ಅಲ್ಲೇ. ತಾಯವ್ವ ಹಲ್ಲುಜ್ಜುವಾಗಲೂ ವರಾಂಡ ಸುತ್ತುವವಳು. ವಾರ್ಡನ್ ಅವಳಿಗೆ ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದೇ ಬೈಯುವುದು. ಅಂಥವಳು ಕಲ್ಲಿನ ಹಾಗೆ ನಿಂತಿದ್ದಾಳೆಯೇ?

ನಮ್ಮ ಮೇಲ್ವಿಚಾರಕ ಮಾಳಿಂಗ ಸರ್ ಬೆನ್ನ ಹಿಂದೆ ನಿಂತಿದ್ದರು.

"ಚುಕ್ಕಿ ಹೊರಗೈತಲ್ಲವಾ, ಇನ್ನ ಯಾರ ಅಪ್ಪಣೆ ಬೇಕು ನಿನಗ? ಕೀಲಿ ತಿರುವು."

"ಸರ್, ಆಕಿ ಇಷ್ಟೊತ್ತು ನಿಂತಲ್ಲೇ ನಿಲ್ಲಂಗಿಲ್ರಿ."

"ದಣಿದಾಳ, ನಿಂತಾಳ. ನೀ ಏನ್ ಆಕಿ ಜಾತಕ ಓದಾಕ ಕುಂತೀಯೇನು?"

ರೇಡಿಯೋದಲ್ಲಿ ಅವಳನ್ನು ಕೂಗಿ ಕರೆದೆ. ಉತ್ತರವಿಲ್ಲ. ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಸರ್ ಬೈದರು, ಆಮೇಲೆ ಬೇಡಿಕೊಂಡರು. ನಾನು ಬಿಡಲಿಲ್ಲ. ಕೆರೆ ದಂಡೆ ಮೀರಿ ತಗ್ಗಿನಲ್ಲಿರುವ ಕೆಳಹಟ್ಟಿ ಎಂಬ ಊರಿನ ಜೋಳದ ಮೇಲೆ ಹರಿಯಿತು.

ಅದಾದ ಮೇಲೆ ತಾಯವ್ವ ಹೊರಗೆ ಬಂದಳು, ಸುರಂಗದ ಒಳಗಿನಿಂದ. ಕಂಬದ ರೇಡಿಯೋ ಪೆಟ್ಟಿಗೆಯಲ್ಲಿ ನನ್ನನ್ನೇ ಬೈದಳು. "ಏ ಹುಚ್ಚಿ, ಬಾಗಿಲು ಯಾಕ ತಗೀಲಿಲ್ಲ? ಜೋಳೆಲ್ಲಾ ಸುಟ್ಟು ಹೋತಲ್ಲ." ಎಲ್ಲಿದ್ದೆ ಎಂದು ಕೇಳಿದೆ. "ಜಾಳಿಗಿ ಹತ್ರ. ಮತ್ತೆಲ್ಲಿ ಇರ್ಲಿ?" ಎಂದಳು. ಆಮೇಲೆ ಅವಳಿಗೂ ಅರ್ಥವಾಗಿ, ಕೀಲಿ ಇನ್ನೂ ನನ್ನ ಕೈಯಲ್ಲೇ ಇದೆಯೇ ಎಂದು ಕೇಳಿದಳು.

ಆದದ್ದು ಇಷ್ಟು. ಸುರಂಗದ ಒಳಗಿನ ಪೆಟ್ಟಿಗೆ ಕೆಟ್ಟಿತ್ತು, ಬಿಲ್ಲೆಯ ಮಾತು ಹೊರಗೆ ಬರುತ್ತಿರಲಿಲ್ಲ. ಮಾತು ಬಾರದಿದ್ದರೆ ನಮ್ಮ ಯಂತ್ರ ಕೊನೆಯ ಬಾರಿ ಕೇಳಿದ್ದನ್ನೇ ತೋರಿಸುತ್ತಾ ಕೂರುತ್ತದೆ, ಅದೇ ಜಾಗ, ಅದೇ ಹಸಿರು. ವಿಚಾರಣೆಯ ಹೊತ್ತಿಗೆ ಪೆಟ್ಟಿಗೆ ಹೇಗೋ ಸರಿಹೋಗಿತ್ತು. ಯಂತ್ರದ ದಾಖಲೆಯಲ್ಲೂ ಅವಳು ಉದ್ದಕ್ಕೂ ಹೊರಗೇ ಇದ್ದಳು. ಇಬ್ಬರು ಗೆಳತಿಯರು ಸೇರಿ ಕಟ್ಟಿದ ಕಥೆ ಎಂದು ವಿಚಾರಣೆಯವರು ಬರೆದುಕೊಂಡರು. ನನ್ನನ್ನು ಪರದೆಯಿಂದ ಎಬ್ಬಿಸಿದರು. ತಾಯವ್ವನಿಗೆ, ಅರ್ಧಕ್ಕೆ ಬಿಟ್ಟ ಜಾಳಿಗೆ ಮುಗಿಸು ಎಂದಿದ್ದಾರೆ. ಕೆರೆ ಮತ್ತೆ ತುಂಬುತ್ತಿದೆ. ನಾಳೆ ಕೀಲಿ ಹಿಡಿಯುವ ಹುಡುಗಿಯ ಹತ್ತಿರ ಹೋಗಿ ಹೇಳಿದೆ. ಪಾಪ, ಅವಳು ನನಗಿಂತ ಪುಕ್ಕಲಿ. "ಅಕ್ಕಾ, ಹಸಿರು ಚುಕ್ಕಿ ಹೊರಗಿದ್ರ ನಾ ಹೆಂಗ ಒಲ್ಲೆ ಅನ್ಲಿ?" ಎಂದಳು.

ಮಾನ್ಯರೇ, ಯಂತ್ರದ ತಳದ ನಿಯಮಗಳು ನಿಮ್ಮ ಕಾಲದವು. ಅವುಗಳ ಮೇಲೆ ನಾವು ಎಷ್ಟು ಕಟ್ಟಿದ್ದೇವೆಂದರೆ ಈಗ ಯಾರೂ ಅಲ್ಲಿಗೆ ಕೈ ಹಾಕುವುದಿಲ್ಲ. ನಿಮಗೆ ಅದಿನ್ನೂ ಬದಲಿಸಬಹುದಾದ ಒಂದು ಸಾಲು. ಸುದ್ದಿ ಬಾರದಿದ್ದರೆ ಹಳೆಯ ಸುದ್ದಿಯನ್ನೇ ತೋರಿಸು ಎಂದು ನಿಮ್ಮಲ್ಲಿ ಯಾರೋ ಬರೆಯುತ್ತಿದ್ದೀರಿ. ಪರದೆ ಖಾಲಿ ಬಿದ್ದರೆ ನೋಡುವವರು ಗಾಬರಿಯಾಗುತ್ತಾರೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಇರಬಹುದು.

ದಯವಿಟ್ಟು ಆ ಸಾಲು ಬರೆಯಬೇಡಿ. ಸುದ್ದಿ ನಿಂತರೆ ಚುಕ್ಕೆ ಆರಿಹೋಗಲಿ. ಆ ಪುಕ್ಕಲು ಹುಡುಗಿ ನಾಳೆ ಗಾಬರಿಯಾಗಲಿ, ಕೀಲಿಯಿಂದ ಕೈ ತೆಗೆಯಲಿ.

ಇಂತಿ,
ನೀಲಾಂಬಿಕೆ