ನಡುವೇ ಬಿಡದ ಸಾ

೧೪ ಜುಲೈ, ಸೋಮವಾರ. ಚಿತ್ತಾಪುರ

ನನ್ನ ಉಸಿರು ಗಿಡ್ಡ ಅಲ್ಲ! ಅಲ್ಲವೇ ಅಲ್ಲ!

ವಿಡಿಯೊ ಕಾಲ್ ಸಂಗೀತ ಪಾಠದಲ್ಲಿ ನಾನು ಸಾ ಸ್ವರ ಹಿಡಿದಾಗೆಲ್ಲ ಶಹಾಬಾದಿನಿಂದ ರಮಾಬಾಯಿ ಟೀಚರ್, "ಯಾಕವ್ವಾ ಕರುಣಾ, ಮತ್ತ ನಡುವೇ ಬಿಟ್ಟಿ?" ಎನ್ನುತ್ತಿದ್ದರು. ಬಿಟ್ಟಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನನ್ನ ದಮ್ಮಿನ ಮೇಲೆ ಅನುಮಾನ ಬಂದಿತ್ತು. ಸಂಗೀತವೇ ಬೇಡವೆಂದು ನಿನ್ನೆ ಅತ್ತೂ ಆಯಿತು.

ಇವತ್ತು ಸಿಟ್ಟಿಗೆದ್ದು ಅದೇ ಸಾ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಪೂರ್ತಿ ಇತ್ತು! ಕಳ್ಳ ಎಂದರೆ ಆ ವಿಡಿಯೊ ಕಾಲ್ ಆ್ಯಪೇ. ಗದ್ದಲ ತಗ್ಗಿಸುವ ಅದರ ಸೆಟ್ಟಿಂಗ್, ಒಂದೇ ಸಮನೆ ನಿಂತ ಸ್ವರವನ್ನು ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕುತ್ತಿತ್ತು. ಅದನ್ನು ಆಫ್ ಮಾಡಿ ಕಾಲ್‌ನಲ್ಲಿ ಮತ್ತೆ ಹಿಡಿದೆ.

"ಬಿಡಬ್ಯಾಡ, ಬಿಡಬ್ಯಾಡ! ಭಾಳ ಛಲೋ ನಿಂತದ!" ಟೀಚರ್ ಕೂಗಿದರು. ದಮ್ಮು ತೀರಿ ನಿಲ್ಲಿಸಿದೆ. "ಈಗ ನೀ ಬಿಟ್ಟಿ, ಖರೆ. ಆದ್ರ ನಿನ್ನ ಹಿಂದ ಇನ್ನೂ ಹಿಡಿದಾರಲ್ಲ, ಯಾರವ್ವಾ ಅವರು?"

ಇಯರ್‌ಫೋನನ್ನು ಕಿವಿಯಿಂದಲೂ ಫೋನಿನಿಂದಲೂ ಕಿತ್ತು ತಿರುಗಿದೆ. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತ ಅದೇ ಸಾ ಹಿಡಿದಿದ್ದಾರೆ. ನನ್ನ ಪಾಠಕ್ಕೆ ದಿನಾ ಮೂಗು ಮುರಿಯುವ ಅತ್ತೆ!

"ನಾ ಎಲ್ಲಿ ಹಾಡೀನಿ? ರೊಟ್ಟಿ ಬಡೀಲಿಕತ್ತಿದ್ದೆ," ಎಂದರು.

ಫೋನಿನಿಂದ ಟೀಚರ್ ನಕ್ಕರು. "ರೊಟ್ಟಿ ಸಪ್ಪಳ ಗೊತ್ತಿಲ್ಲೇನ್ರಿ ನನಗ? ಬರ್ರಿ, ನೀವೂ ಕುಂದ್ರಿ."

ಅತ್ತೆ ಬರಲಿಲ್ಲ. ಆದರೆ ಈಗ, ಅವರು ದೀಪ ಆರಿಸಿ ಮಲಗಿದ ಮೇಲೆ, ಪಕ್ಕದ ಕೋಣೆಯಿಂದ ಸಣ್ಣಗೆ ಸಾ ಬರುತ್ತಿದೆ. ಎಷ್ಟು ಹೊತ್ತು ಹಿಡಿಯುತ್ತಾರೋ ಎಂದು ನಾನೇ ಉಸಿರು ಬಿಗಿಹಿಡಿದು ಕೂತಿದ್ದೇನೆ.

ಇನ್ನೂ ಬಿಟ್ಟಿಲ್ಲ.