ಅರ್ಧ ಒಳ್ಳೆಮೆಣಸಿನಷ್ಟು ಅಫೀಮು

ಪಾಣೆಮಂಗಳೂರು, ೧೯೫೮

ಅಪ್ಪಾ,

ನೀವು ಸತ್ತು ಆರು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಹೆಂಚು ಸಾಗಿಸುವ ದೋಣಿ ನಡೆಸಿ ನಿಮ್ಮಂತೆ ನನ್ನ ಸೊಂಟವೂ ಹೋಗಿದೆ. ನೋವಿಗೆಂದು ಹಿಡಿದ ಅಫೀಮು ಬಿಡಿಸಲು ಡಾಕ್ಟರು ವಾರವಾರವೂ ಗುಳಿಗೆ ಸಣ್ಣದು ಮಾಡಿಸುತ್ತಿದ್ದಾರೆ. ನೋವು ಮಾತ್ರ ಸಣ್ಣದಾಗುವುದಿಲ್ಲ, ಹಾಳಾದ್ದು!

ಇವತ್ತು ಬೆಳಿಗ್ಗೆ ಹೆಂಡತಿ ಕೊಟ್ಟದ್ದು ಅರ್ಧ ಒಳ್ಳೆಮೆಣಸಿನ ಕಾಳಿನಷ್ಟು. ರೇಗಿಹೋಯಿತು. "ಇದು ಯಾವ ಮೂಲೆಗೆ ಮಾರಾಯ್ತಿ? ನೋವು ನಿನಗುಂಟಾ?" ಎಂದು ನೆಲಕ್ಕೆಸೆದೆ.

ಅವಳು ಹುಡುಕಿ ತಂದು ಮತ್ತೆ ಕೈಗಿಟ್ಟಳು. "ಚಟ ಆಗ್ತದೆ ಅಂತ ಮಾವನಿಗೆ ನೀವು ಚಿವುಟಿ ಕೊಡ್ತಿದ್ದದ್ದು ಇದಕ್ಕಿಂತ ಸಣ್ಣದು," ಎಂದಳು.

"ಇಷ್ಟೆಯಾ ಮಗಾ?" ಎಂದು ನೀವು ದಿನಾ ಕೇಳುತ್ತಿದ್ದಿರಿ. ನಾನು ಬಾಗಿಲೆಳೆದುಕೊಂಡು ದೋಣಿಗೆ ಹೋಗುತ್ತಿದ್ದೆ.